ಒಕೊಂಕ್ವೊ ಪಾಲಿಸಿದ್ದು ಯಾವ ಸಂಪ್ರದಾಯ?

ಪ್ರಶ್ನೆ: ಚಿನುವಾ ಅಚೆಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ ನಮಗೆ ಎಂ.ಎ. ಪಠ್ಯ. ಒಕೊಂಕ್ವೊ ಸಂಪ್ರದಾಯಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದ, ಕಾಲ ಬದಲಾದರೂ ಅವನು ಬದಲಾಗಲಿಲ್ಲ, ಅದಕ್ಕೇ ಹಾಳಾದ ಎಂದು ನೋಟ್ಸ್‌ನಲ್ಲಿದೆ. ಬಿಳಿಯರು ಬರದೇ ಇದ್ದಿದ್ದರೆ ಅವನಿಗೆ ಏನೂ ಆಗುತ್ತಿರಲಿಲ್ಲ ಎನ್ನುತ್ತಾಳೆ ನನ್ನ ಗೆಳತಿ. ಯಾವುದು ಸರಿ? ಇನ್ನೊಂದು ಮಾತು. ಅವನು ಹೆಂಡಿರಿಗೆ ಹೊಡೆಯುವವನು, ಮಗನಂತಿದ್ದ ಹುಡುಗನನ್ನೇ ಕಡಿದವನು. ಆದರೂ ಕೊನೆಯಲ್ಲಿ ನನಗೆ ಅಳು ಬಂತು. ನಾನು ತಪ್ಪಾಗಿ ಓದಿದೆನಾ?

ಉತ್ತರ: ನೋಟ್ಸ್‌ನ ಆ ವಾಕ್ಯವನ್ನು ಎಷ್ಟೋ ಉತ್ತರ ಪತ್ರಿಕೆಗಳಲ್ಲಿ ನೋಡಿದ್ದೇನೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಕಾದಂಬರಿಯನ್ನು ನಿಧಾನವಾಗಿ ಓದಿದರೆ ಕಾಣುವುದೇ ಬೇರೆ. ಕಾದಂಬರಿಯ ನಾಯಕ ಒಕೊಂಕ್ವೊ ನೈಜೀರಿಯಾದ ಇಗ್ಬೊ ಜನರ ಉಮುಓಫಿಯ ಎಂಬ ಊರಿನವನು. ತನ್ನ ಊರಿನ ಕಟ್ಟಳೆಯನ್ನು ಮತ್ತೆ ಮತ್ತೆ ಮುರಿದವನು. ಮುರಿದಾಗಲೆಲ್ಲ ಅವನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ನಾನು ಗಂಡಸು ಅನ್ನಿಸಿಕೊಳ್ಳಬೇಕು.

ಶಾಂತಿ ವಾರದ ಪ್ರಸಂಗ ನೆನಪಿಸಿಕೊಳ್ಳಿ. ಬಿತ್ತನೆಗೆ ಮುಂಚೆ ಒಂದು ವಾರ ಇಡೀ ಉಮುಓಫಿಯದಲ್ಲಿ ಯಾರೂ ಯಾರಿಗೂ ಬಿರುಸಿನ ಮಾತು ಸಹ ಆಡಬಾರದು. ಭೂಮಿತಾಯಿ ಅನಿಗೆ ಸಲ್ಲುವ ಮರ್ಯಾದೆ ಅದು. ಆ ವಾರವೇ ಕಿರಿಯ ಹೆಂಡತಿ ಒಜಿಯುಗೊ ಜಡೆ ಹಾಕಿಸಿಕೊಳ್ಳಲು ಹೋಗುತ್ತಾಳೆ. ಅಡುಗೆಯ ಹೊತ್ತಿಗೆ ಬರುವುದಿಲ್ಲ. ಬಂದ ಮೇಲೆ ಒಕೊಂಕ್ವೊ ಬಡಿಯುತ್ತಾನೆ. ಉಳಿದ ಇಬ್ಬರು ಹೆಂಡತಿಯರು ಓಡಿಬಂದು, ಇದು ಶಾಂತಿ ವಾರ ಅಂತ ಅಂಗಲಾಚಿದರೂ ಕೈ ನಿಲ್ಲಿಸುವುದಿಲ್ಲ. ಸಂಜೆಗೆ ಅನಿಯ ಪೂಜಾರಿ ಎಜಿಯಾನಿ ಮನೆಗೇ ಬರುತ್ತಾನೆ. ಸತ್ಕಾರಕ್ಕೆ ಮುಂದಿಟ್ಟ ಕೋಲಾ ಕಾಯನ್ನು ಮುಟ್ಟುವುದಿಲ್ಲ. ಹೆಂಡತಿ ಎಂಥ ತಪ್ಪನ್ನೇ ಮಾಡಿರಲಿ, ನೀನು ಹೊಡೆದದ್ದು ಇಡೀ ಕುಲವನ್ನು ಹಾಳು ಮಾಡುವ ಕೆಲಸ ಎನ್ನುತ್ತಾನೆ. ಒಂದು ಹೆಣ್ಣಾಡು, ಒಂದು ಹೇಂಟೆ, ಒಂದು ತುಂಡು ಬಟ್ಟೆ, 100 ಕವಡೆ ದಂಡ ಹಾಕುತ್ತಾನೆ.

ಇಲ್ಲಿ ಸಂಪ್ರದಾಯ ಯಾರ ಕಡೆ ನಿಂತಿದೆ? ಏಟು ತಿಂದವಳ ಕಡೆ. ಕನಿಷ್ಠ ಆ ಒಂದು ವಾರವಾದರೂ.

ಇದರ ಬೆನ್ನಿಗೇ ಇನ್ನೊಂದು ಸಣ್ಣ ಮಾತು ಬರುತ್ತದೆ. ಊರಿನ ಅತಿ ಹಿರಿಯ ಎಜೆಉಡು ತನ್ನ ಅಪ್ಪನಿಂದ ಕೇಳಿದ್ದನ್ನು ಹೇಳುತ್ತಾನೆ. ಹಿಂದೆ ಶಾಂತಿ ಮುರಿದವನನ್ನು ಸಾಯುವ ತನಕ ಊರೆಲ್ಲ ನೆಲದ ಮೇಲೆ ಎಳೆದಾಡುತ್ತಿದ್ದರಂತೆ. ಆಮೇಲೆ ಆ ಪದ್ಧತಿ ಬಿಟ್ಟರು. ಯಾಕೆ? ಶಾಂತಿ ಕಾಪಾಡಲು ಮಾಡಿದ್ದು ಶಾಂತಿಯನ್ನೇ ಕೆಡಿಸುತ್ತಿತ್ತು, ಅದಕ್ಕೆ. ಬಿಳಿಯರ ಸುದ್ದಿಯೇ ಇಲ್ಲದ ಕಾಲದ ಮಾತಿದು. ಆ ಜನ ತಮ್ಮ ರೂಢಿಯನ್ನು ತಾವೇ ಕೂತು ಯೋಚಿಸಿ ತಿದ್ದಿಕೊಂಡಿದ್ದರು. ನೋಟ್ಸ್ ಬರೆದವರು ಇದನ್ನು ದಾಟಿಹೋಗಿದ್ದಾರೆ.

ಹಾಗಾದರೆ ಒಕೊಂಕ್ವೊ ಹಿಡಿದುಕೊಂಡದ್ದು ಏನನ್ನು? ಉತ್ತರ ಅವನ ಅಪ್ಪನಲ್ಲಿದೆ. ಉನೋಕ ಕೊಳಲು ನುಡಿಸುವವನು. ಮಳೆಗಾಲ ಮುಗಿದು ಗಾಳಿ ತಿಳಿಯಾದಾಗ ಆಕಾಶದಲ್ಲಿ ಮೊದಲ ಹದ್ದನ್ನು ಹುಡುಕಿ ಖುಷಿಪಡುವ ಮನುಷ್ಯ. ಸಾಲಗಾರ, ಹೊಲದಲ್ಲಿ ಮೈ ಬಗ್ಗಿಸದವನು, ರಕ್ತ ಕಂಡರೆ ಆಗದವನು. ಊರಿನ ಗಣ್ಯರು ಪಡೆಯುವ ಗೌರವದ ಪದವಿ ಒಂದನ್ನೂ ಪಡೆಯದೆ ಸತ್ತ. ಒಕೊಂಕ್ವೊ ಚಿಕ್ಕವನಿದ್ದಾಗ ಜೊತೆಗಾರ ಹುಡುಗನೊಬ್ಬ “ನಿಮ್ಮಪ್ಪ ಅಗ್ಬಾಲ” ಎನ್ನುತ್ತಾನೆ. ಆ ಮಾತಿಗೆ ಹೆಂಗಸು ಎಂದು ಅರ್ಥ. ಪದವಿಯಿಲ್ಲದ ಗಂಡಸು ಎಂದೂ ಅರ್ಥ. ಆ ಮುಳ್ಳು ಅವನ ಎದೆಯಿಂದ ಕೊನೆಯವರೆಗೂ ಹೊರಬರಲಿಲ್ಲ. ಅಪ್ಪ ಪ್ರೀತಿಸಿದ್ದನ್ನೆಲ್ಲ ದ್ವೇಷಿಸಬೇಕು ಎಂದು ಅವನು ತೀರ್ಮಾನ ಮಾಡಿಕೊಂಡ. ಅಪ್ಪ ಸೋಮಾರಿ, ಸರಿ, ಅದನ್ನು ಬಿಡಲಿ. ಆದರೆ ಅಪ್ಪನಲ್ಲಿ ಮೆದು ಮನಸ್ಸೂ ಇತ್ತು. ಮಗ ಅದನ್ನೂ ಸೇರಿಸಿ ಎಸೆದ.

ಈಗ ಗಮನಿಸಿ. ಬೆಟ್ಟದ ಗುಹೆಯಲ್ಲಿ ಭವಿಷ್ಯ ಹೇಳುವ ದೇವರ ಹೆಸರೂ ಅಗ್ಬಾಲವೇ! ನೆರೆಹೊರೆಯ ಕುಲಗಳೂ ಹೆದರಿ ಬಂದು ಕೇಳುವ ದೇವರು ಅದು. ಅದರ ಪೂಜಾರಿಣಿ ಚಿಯೆಲೊ. ಹಗಲು ಹೊತ್ತಿನಲ್ಲಿ ಅವಳು ಎರಡು ಮಕ್ಕಳ ವಿಧವೆ, ಒಕೊಂಕ್ವೊನ ಎರಡನೇ ಹೆಂಡತಿ ಎಕ್ವೆಫಿಯ ಗೆಳತಿ. ರಾತ್ರಿ ದೇವರು ಮೈಮೇಲೆ ಬಂದಾಗ ಅವಳು ಒಕೊಂಕ್ವೊನ ಮಗಳು ಎಜೀನ್ಮಳನ್ನು ಎತ್ತಿಕೊಂಡು ಹೋಗುತ್ತಾಳೆ. ಅವನು ಬೇಡಿಕೊಂಡರೆ, ದೇವರು ಮಾತಾಡುವಾಗ ಮನುಷ್ಯ ಮಾತಾಡುತ್ತಾನಾ ಎಂದು ಗದರುತ್ತಾಳೆ. ಗುಡುಗುವ ಒಕೊಂಕ್ವೊ ತೆಪ್ಪಗಾಗುತ್ತಾನೆ. ಅವನಿಗೆ ಬೈಗುಳವಾಗಿ ಚುಚ್ಚಿದ ಮಾತನ್ನೇ ಆ ಊರು ದೇವರ ಹೆಸರಾಗಿ ಇಟ್ಟುಕೊಂಡಿದೆ. ಅವನ ಕಿವಿಗೆ ಮಾತ್ರ ಒಂದೇ ಅರ್ಥ ಬಿತ್ತು.

ನಮ್ಮ ಕನ್ನಡದಲ್ಲೂ ಇಂಥದ್ದು ಇದೆ, ಅಲ್ವಾ? ಒಬ್ಬ ಗಂಡಸನ್ನು ಹೆಣ್ಣಿಗ ಎಂದರೆ ಜಗಳವಾಗುತ್ತದೆ. ಅದೇ ಗಂಡಸಿಗೆ ಹೆಂಗರುಳು ಇದೆ ಎಂದರೆ ಹೊಗಳಿದ ಹಾಗೆ. ಎರಡೂ ಮಾತು ಒಂದೇ ಭಾಷೆಯಲ್ಲಿ ಒಟ್ಟಿಗೆ ಬದುಕುತ್ತಿವೆ. ಯಾವುದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತೇವೆ ಅನ್ನುವುದರ ಮೇಲೆ ಒಬ್ಬ ಗಂಡಸಿನ ಬಾಳು ಯಾವ ಕಡೆಗೆ ತಿರುಗುತ್ತದೆ ಅನ್ನುವುದು ನಿಂತಿದೆ.

ಇಕೆಮೆಫುನನ ಸಾವಿಗೆ ಬರುತ್ತೇನೆ. ತರಗತಿಯಲ್ಲಿ ಈ ಏಳನೇ ಅಧ್ಯಾಯ ಓದಿಸಿದ ದಿನ ಮಕ್ಕಳು ಯಾರೂ ಮಾತಾಡುವುದಿಲ್ಲ. ಎಂಬೈನೊ ಊರಿನವರು ಉಮುಓಫಿಯದ ಹೆಣ್ಣುಮಗಳೊಬ್ಬಳನ್ನು ಕೊಂದದ್ದಕ್ಕೆ ಬದಲಾಗಿ ಕೊಟ್ಟ ಹುಡುಗ ಅವನು. ವಯಸ್ಸು 15. ಮೂರು ವರ್ಷ ಒಕೊಂಕ್ವೊನ ಮನೆಯಲ್ಲಿ ಬೆಳೆದ. ಅವನ ಮಗ ನ್ವೋಯೆಗೆ ಅಣ್ಣನಾದ. ಒಕೊಂಕ್ವೊನನ್ನು ಅಪ್ಪ ಎಂದು ಕರೆದ. ಆಮೇಲೆ ಅವನನ್ನು ಕೊಲ್ಲಬೇಕು ಎಂದು ದೇವರ ಅಪ್ಪಣೆಯಾಯಿತು.

ಇಲ್ಲಿಯೇ ಹೆಚ್ಚಿನವರು ಎಡವುವುದು. ದೇವರ ಅಪ್ಪಣೆ ಪಾಲಿಸಿದ, ಅಂದರೆ ಸಂಪ್ರದಾಯ ಪಾಲಿಸಿದ ಎಂದು ಬರೆದುಬಿಡುತ್ತಾರೆ. ಆದರೆ ಎಜೆಉಡು ಮೊದಲೇ ಬಂದು ಎಚ್ಚರಿಸಿದ್ದ: ಆ ಹುಡುಗ ನಿನ್ನನ್ನು ಅಪ್ಪ ಅನ್ನುತ್ತಾನೆ, ಅವನ ಸಾವಿನಲ್ಲಿ ನಿನ್ನ ಕೈ ಇರಬಾರದು. ಊರಿನ ಅತಿ ದೊಡ್ಡ ಹಿರಿಯನ ಮಾತು ಅದು. ಸಂಪ್ರದಾಯ ಅಂದರೆ ಅದೂ ತಾನೇ? ಆದರೂ ಹುಡುಗನನ್ನು ಕೊಲ್ಲಲು ಹೊರಟ ಗಂಡಸರ ಗುಂಪಿನ ಜೊತೆ ಒಕೊಂಕ್ವೊ ಹೋದ. ದಾರಿಯಲ್ಲಿ ಹಿಂದೆ ಹಿಂದೆ ಉಳಿದ. ಮೊದಲ ಏಟು ಬಿದ್ದಾಗ ಮುಖ ತಿರುಗಿಸಿದ. ಹುಡುಗ ಹೊತ್ತಿದ್ದ ಹೆಂಡದ ಮಡಕೆ ಮರಳಿನ ಮೇಲೆ ಬಿದ್ದು ಒಡೆಯಿತು. “ಅಪ್ಪಾ, ನನ್ನನ್ನು ಕೊಂದರು” ಅನ್ನುತ್ತ ಅವನು ಇವನ ಕಡೆಗೇ ಓಡಿಬಂದ. ಒಕೊಂಕ್ವೊ ಮಚ್ಚು ಎತ್ತಿ ಕಡಿದ. ಅಚೆಬೆ ಕಾರಣವನ್ನು ಒಂದೇ ಸಾಲಿನಲ್ಲಿ ಹೇಳುತ್ತಾರೆ: ತನ್ನನ್ನು ದುರ್ಬಲ ಅಂದುಕೊಂಡಾರು ಎಂಬ ಭಯ.

ಭಯ. ಇಡೀ ಕಾದಂಬರಿಯ ಕೀಲಿ ಆ ಮಾತಿನಲ್ಲಿದೆ ಅಂತ ನನಗೆ ಅನಿಸುತ್ತದೆ. ಅವನ ಗಂಡಸುತನ ಧೈರ್ಯದಿಂದ ಹುಟ್ಟಿದ್ದಲ್ಲ.

ಅವನ ಗೆಳೆಯ ಒಬಿಯೆರಿಕ ಆ ಗುಂಪಿನ ಜೊತೆ ಹೋಗಿರಲಿಲ್ಲ. ನನ್ನ ಮಗನನ್ನೇ ಕೊಲ್ಲಬೇಕು ಎಂದು ದೇವರು ಹೇಳಿದರೂ ನಾನು ಎದುರಾಡುವುದಿಲ್ಲ, ಆದರೆ ಕೊಲ್ಲುವವನು ನಾನಾಗುವುದಿಲ್ಲ ಎಂದು ಅವನು ಆಮೇಲೆ ಹೇಳುತ್ತಾನೆ. ನೀನು ಮಾಡಿದ್ದು ಭೂಮಿತಾಯಿಗೆ ಮೆಚ್ಚುಗೆಯಾಗದು, ಇಂಥದ್ದಕ್ಕೆ ಅವಳು ವಂಶಗಳನ್ನೇ ಅಳಿಸುತ್ತಾಳೆ ಎನ್ನುತ್ತಾನೆ. ಒಬಿಯೆರಿಕನೂ ಅದೇ ಊರಿನವನು. ಅವನಿಗೂ ಪದವಿ ಇದೆ, ಆಸ್ತಿ ಇದೆ, ಮರ್ಯಾದೆ ಇದೆ. ಸಂಪ್ರದಾಯದ ಒಳಗೇ ಇದ್ದು ಕೈಗೆ ರಕ್ತ ಅಂಟಿಸಿಕೊಳ್ಳದೆ ಇರುವ ದಾರಿ ಅವನಿಗೆ ಸಿಕ್ಕಿತು. ಒಕೊಂಕ್ವೊನಿಗೂ ಆ ದಾರಿ ತೆರೆದೇ ಇತ್ತು.

ಮುಂದಿನ ಅಧ್ಯಾಯದಲ್ಲೇ ನನಗೆ ಬಹಳ ಇಷ್ಟವಾದ ಒಂದು ಪುಟ್ಟ ಸಂಗತಿ ಇದೆ. ನ್‌ಡುಲುವೆ ಎಂಬ ಮುದುಕ ಸತ್ತ ಸುದ್ದಿ ಬರುತ್ತದೆ. ಅವನ ಮೊದಲ ಹೆಂಡತಿ ಒಜೊಎಮೆನ ಕೋಲೂರಿಕೊಂಡು ಬಂದು ಗಂಡನ ಹೆಣ ನೋಡುತ್ತಾಳೆ. ಅವನ ಹೆಸರು ಕರೆಯುತ್ತಾಳೆ. ತನ್ನ ಗುಡಿಸಲಿಗೆ ಹಿಂತಿರುಗಿ ಮಲಗುತ್ತಾಳೆ, ಅಲ್ಲೇ ಪ್ರಾಣ ಬಿಟ್ಟಿರುತ್ತಾಳೆ. ಇಬ್ಬರದೂ ಒಂದೇ ಮನಸ್ಸು, ಅವಳನ್ನು ಕೇಳದೆ ಅವನು ಏನೂ ಮಾಡುತ್ತಿರಲಿಲ್ಲ ಎಂದು ಒಬಿಯೆರಿಕ ನೆನೆಯುತ್ತಾನೆ. ಒಕೊಂಕ್ವೊನಿಗೆ ಗೊಂದಲ. ಅವನು ಪ್ರಾಯದಲ್ಲಿ ಬಲಶಾಲಿ ಅಂತ ತಿಳಿದಿದ್ದೆನಲ್ಲ ಎನ್ನುತ್ತಾನೆ. ಹೌದು, ಯುದ್ಧದಲ್ಲಿ ಉಮುಓಫಿಯವನ್ನು ಮುನ್ನಡೆಸಿದವನೇ ಅವನು ಎಂದು ಉತ್ತರ ಬರುತ್ತದೆ. ಹೆಂಡತಿಯ ಮಾತು ಕೇಳುವವನು ಮತ್ತು ಯುದ್ಧದ ಮುಂದಾಳು ಒಬ್ಬನೇ ಮನುಷ್ಯ ಆಗಿರಬಹುದು ಅನ್ನುವುದು ಒಕೊಂಕ್ವೊನ ತಲೆಗೆ ಹೋಗುವುದೇ ಇಲ್ಲ. ಊರಿಗೆ ಅದು ಗೊತ್ತಿತ್ತು. ಆ ಜೋಡಿಯ ಮೇಲೆ ಹಾಡೇ ಇತ್ತು.

ಅಚೆಬೆ ತಮ್ಮ ಪ್ರಬಂಧ, ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ ಇಗ್ಬೊ ಗಾದೆ ಒಂದಿದೆ: ಒಂದು ನಿಂತ ಕಡೆ ಅದರ ಪಕ್ಕದಲ್ಲಿ ಇನ್ನೊಂದು ನಿಲ್ಲುತ್ತದೆ. ಗಂಡಿನ ಬೆಳೆ ಯಾಮ್, ಅಂದರೆ ನಮ್ಮ ಹೆಗ್ಗೆಣಸಿನ ಜಾತಿಯ ಗೆಡ್ಡೆ. ಅದರ ಪಕ್ಕದಲ್ಲಿ ಹೆಂಗಸರ ಕೆಸುವಿನ ಗೆಡ್ಡೆ, ಮರಗೆಣಸು. ಅಪ್ಪನ ಊರಿನ ಪಕ್ಕದಲ್ಲಿ ಅಮ್ಮನ ಊರು. ಗಂಡಸರೇ ಕೂರುವ ಪಂಚಾಯಿತಿಯ ಮೇಲೆ ಭೂಮಿತಾಯಿ. ಒಕೊಂಕ್ವೊ ಈ ಜೋಡಿಗಳಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಒದ್ದ. ಒದ್ದದ್ದೇ ತಿರುಗಿ ಬಂತು. ಎಜೆಉಡುವಿನ ಶವಸಂಸ್ಕಾರದ ದಿನ ಅವನ ಬಂದೂಕು ಸಿಡಿದು ಸತ್ತವನ 16 ವರ್ಷದ ಮಗನೇ ಹೋಗಿಬಿಟ್ಟ. ಗೊತ್ತಿಲ್ಲದೆ ಆದ ಕೊಲೆಯನ್ನು ಅಲ್ಲಿ ಹೆಣ್ಣು ಅಪರಾಧ ಎನ್ನುತ್ತಾರೆ. ಶಿಕ್ಷೆ, ಏಳು ವರ್ಷ ಗಡಿಪಾರು. ಹೋಗಬೇಕಾದ್ದು ತಾಯಿಯ ತವರು ಎಂಬಾಂಟಕ್ಕೆ.

ಅಲ್ಲಿ ಸೋದರಮಾವ ಉಚೆಂಡು ಅವನನ್ನು ಎಲ್ಲರ ನಡುವೆ ಕೂರಿಸಿ ಕೇಳುತ್ತಾನೆ: ನಮ್ಮಲ್ಲಿ ಮಕ್ಕಳಿಗೆ ನ್ನೆಕ ಎಂದು ಯಾಕೆ ಹೆಸರಿಡುತ್ತೇವೆ? ನ್ನೆಕ ಅಂದರೆ ತಾಯಿಯೇ ದೊಡ್ಡವಳು. ಒಕೊಂಕ್ವೊನಿಗೆ ಉತ್ತರ ಗೊತ್ತಿಲ್ಲ. ಮುದುಕ ತಾನೇ ಹೇಳುತ್ತಾನೆ. ಅಪ್ಪ ಹೊಡೆದರೆ ಮಗು ಅಮ್ಮನ ಗುಡಿಸಲಿಗೆ ಓಡುತ್ತದೆ. ಬಾಳು ಚೆನ್ನಾಗಿದ್ದಾಗ ಗಂಡಸು ಅಪ್ಪನ ಊರಿನವನು, ಕಹಿಯಾದಾಗ ಅಮ್ಮನ ಊರು ಅವನಿಗೆ ಆಸರೆ. ಪಾಠ ಎಷ್ಟು ತಲೆಗೆ ಹೋಯಿತು ನೋಡಿ. ಗಡಿಪಾರಿನಲ್ಲಿ ಹುಟ್ಟಿದ ಮೊದಲ ಮಗುವಿಗೆ, ತಾಯಿಯ ಕಡೆಯವರ ಮನಸ್ಸು ನೋಯಬಾರದು ಎಂದು ನ್ನೆಕ ಅಂತ ಹೆಸರಿಟ್ಟ. ಎರಡು ವರ್ಷದ ಮೇಲೆ ಗಂಡು ಹುಟ್ಟಿದಾಗ ಇಟ್ಟ ಹೆಸರು ನ್ವೊಫಿಯ: ಕಾಡಿನಲ್ಲಿ ಹುಟ್ಟಿದವನು. ಆಸರೆ ಕೊಟ್ಟ ಊರು ಅವನಿಗೆ ಕಾಡಾಗಿಯೇ ಉಳಿಯಿತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಸಂಪ್ರದಾಯ ಒಳ್ಳೆಯದು, ಒಕೊಂಕ್ವೊ ಕೆಟ್ಟವನು ಎಂದು ಬರೆಯಬೇಡಿ. ಅಚೆಬೆ ಹಾಗೆ ಬರೆದಿಲ್ಲ. ಅವಳಿ ಮಕ್ಕಳನ್ನು ಮಡಕೆಯಲ್ಲಿಟ್ಟು ಕಾಡಿಗೆ ಎಸೆಯುತ್ತಿದ್ದದ್ದೂ ಅದೇ ಸಂಪ್ರದಾಯ. ಓಸು ಎಂದು ಕೆಲವರನ್ನು ತಲೆತಲಾಂತರಕ್ಕೂ ದೂರ ಇಟ್ಟದ್ದೂ ಅದೇ. ಎಂಬಾಂಟದಲ್ಲಿ ಚರ್ಚಿಗೆ ಸೇರಿದ ಮೊದಲ ಹೆಂಗಸು ತುಂಬು ಬಸುರಿ. ಅದಕ್ಕೆ ಮುಂಚೆ ನಾಲ್ಕು ಹೆರಿಗೆಯಲ್ಲೂ ಅವಳಿಗೆ ಅವಳಿಗಳೇ. ಎಂಟು ಕೂಸುಗಳನ್ನೂ ಎಸೆದಿದ್ದರು. ಅವಳ ಹೆಸರು ಏನು ಗೊತ್ತಾ? ನ್ನೆಕ. ತಾಯಿಯೇ ದೊಡ್ಡವಳು. ಉಚೆಂಡು ಅಷ್ಟು ಚೆನ್ನಾಗಿ ವಿವರಿಸಿದ ಹೆಸರನ್ನೇ ಅಚೆಬೆ ಈ ತಾಯಿಗೆ ಇಟ್ಟಿದ್ದಾರೆ. ಇದು ಸುಮ್ನೆ ಆದದ್ದು ಎಂದು ನಾನು ನಂಬುವುದಿಲ್ಲ. ಊರು ಬಾಯಲ್ಲಿ ಹೇಳುವುದಕ್ಕೂ ಕೈಯಲ್ಲಿ ಮಾಡುವುದಕ್ಕೂ ನಡುವೆ ಇದ್ದ ಬಿರುಕು ಅದು. ಹೊಸ ಧರ್ಮ ಒಳಗೆ ಬಂದದ್ದು ಆ ಬಿರುಕಿನಿಂದಲೇ. ನ್ವೋಯೆ ಹೋದದ್ದೂ ಹಾಗೆಯೇ. ಕಾಡಿನಲ್ಲಿ ಕೇಳಿದ ಅವಳಿಗಳ ಅಳು, ಇಕೆಮೆಫುನನ ಸಾವು ಅವನ ಎದೆಯಲ್ಲಿ ಉತ್ತರವಿಲ್ಲದೆ ಕೂತಿದ್ದವು. ಕತ್ತಲಲ್ಲಿ ಹೆದರಿ ಕೂತ ಅಣ್ಣತಮ್ಮಂದಿರ ಬಗ್ಗೆ ಚರ್ಚಿನವರು ಹಾಡಿದ ಹಾಡು ಅವಕ್ಕೆ ತಂಪು ಎರೆಯಿತು.

ಹೆಂಗಸರ ವಿಷಯದಲ್ಲಿ ಕಾದಂಬರಿ ತೋರಿಸದ ಇನ್ನಷ್ಟು ಸಂಗತಿಗಳಿವೆ. ಇಗ್ಬೊ ಹೆಂಗಸರಿಗೆ ತಮ್ಮದೇ ಕೂಟಗಳಿದ್ದವು. ಹೆಂಡತಿಗೆ ಹಿಂಸೆ ಕೊಡುವವನ ಮನೆ ಮುಂದೆ ಗುಂಪಾಗಿ ಸೇರಿ, ಮೂದಲಿಸುವ ಹಾಡು ಹಾಡಿ, ಒನಕೆಯಿಂದ ಗೋಡೆ ಬಡಿದು, ಅವನು ತಪ್ಪೊಪ್ಪುವ ತನಕ ಬಿಡುತ್ತಿರಲಿಲ್ಲ. 1929ರಲ್ಲಿ ಬ್ರಿಟಿಷರ ವಿರುದ್ಧ ಸಾವಿರಾರು ಹೆಂಗಸರು ಎದ್ದಾಗ ಬಳಸಿದ್ದೂ ಇದೇ ದಾರಿಯನ್ನು. ತಮ್ಮ ಮೇಲೂ ತೆರಿಗೆ ಬೀಳುತ್ತದೆ ಎಂಬ ಆತಂಕದಿಂದ ಶುರುವಾದ ಆ ಹೋರಾಟದಲ್ಲಿ ಐವತ್ತಕ್ಕೂ ಹೆಚ್ಚು ಹೆಂಗಸರು ಗುಂಡಿಗೆ ಬಲಿಯಾದರು. ನೈಜೀರಿಯಾದ ಮಾನವಶಾಸ್ತ್ರಜ್ಞೆ ಇಫಿ ಅಮಾಡಿಯುಮೆ 1987ರ ತಮ್ಮ ಪುಸ್ತಕದಲ್ಲಿ, ನ್ನೋಬಿ ಊರಿನಲ್ಲಿ ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳೇ ಮಗನ ಸ್ಥಾನ ಪಡೆಯುತ್ತಿದ್ದದ್ದನ್ನು ವಿವರಿಸಿದ್ದಾರೆ. ಎಜೀನ್ಮ ಗಂಡಾಗಿ ಹುಟ್ಟಬಾರದಿತ್ತೇ ಎಂದು ಒಕೊಂಕ್ವೊ ಮತ್ತೆ ಮತ್ತೆ ಹಲುಬುವುದನ್ನು ಓದುವಾಗ ನನಗೆ ಇದು ನೆನಪಾಗುತ್ತದೆ.

ಇನ್ನು ನಿಮ್ಮ ಗೆಳತಿಯ ಮಾತು. ಕಾದಂಬರಿಯಲ್ಲಿ 25 ಅಧ್ಯಾಯಗಳಿವೆ. ಒಕೊಂಕ್ವೊ ಊರು ಬಿಡುವುದು 13ನೆಯದರಲ್ಲಿ. ಬಿಳಿಯರು ಅಬಾಮೆ ಎಂಬ ಊರನ್ನು ಅಳಿಸಿದ ಸುದ್ದಿ ಬರುವುದು 15ನೆಯದರಲ್ಲಿ. ಅಷ್ಟರಲ್ಲಿ ಇಕೆಮೆಫುನ ಸತ್ತಾಗಿದೆ, ನ್ವೋಯೆ ಒಳಗೇ ಮುರಿದಾಗಿದೆ, ಮನೆ ಸುಟ್ಟಾಗಿದೆ. ಹಾಗಾಗಿ ಅವನ ಪತನ ಬಿಳಿಯರಿಂದ ಶುರುವಾಗಲಿಲ್ಲ.

ಆದರೆ ಅವನು ಎದ್ದೇಳಬಹುದಾಗಿದ್ದ ನೆಲವನ್ನು ಅವರು ಕಿತ್ತುಕೊಂಡರು. ಇದನ್ನು ನೀವು ಗಟ್ಟಿಯಾಗಿ ಬರೆಯಬೇಕು. ಹಳೆಯ ಉಮುಓಫಿಯದಲ್ಲಿ ತಪ್ಪಿಗೆ ದಂಡವಿತ್ತು, ದಂಡ ಕೊಟ್ಟ ಮೇಲೆ ಹಿಂತಿರುಗುವ ದಾರಿಯಿತ್ತು. ಏಳು ವರ್ಷ ಕಳೆದು ಬಂದವನಿಗೆ ಸಿಕ್ಕಿದ್ದು ಜಿಲ್ಲಾ ಕಮಿಷನರನ ಕೋರ್ಟು, ಜೈಲು, ಬೇರೆ ಊರಿಂದ ತಂದ ಜವಾನರು. ಅಬಾಮೆಯ ಕತೆ ಬರೀ ಕಲ್ಪನೆಯಲ್ಲ. 1905ರಲ್ಲಿ ಇಗ್ಬೊ ನಾಡಿನ ಅಹಿಯಾರದ ಬಳಿ ಸೈಕಲ್ಲಿನಲ್ಲಿ ಹೊರಟಿದ್ದ ಬ್ರಿಟಿಷ್ ವೈದ್ಯನೊಬ್ಬ ಕೊಲೆಯಾದ. ಅದಕ್ಕೆ ಸೇಡಾಗಿ ಸೇನೆ ಬಂದು ಸುತ್ತಲ ಊರುಗಳನ್ನು ಹಾಳು ಮಾಡಿತ್ತು. ಕಾದಂಬರಿಯಲ್ಲಿ ಕಮಿಷನರ್ ಆರು ಜನ ಮುಂದಾಳುಗಳನ್ನು ಮಾತುಕತೆಗೆ ಕರೆದು ಬೇಡಿ ತೊಡಿಸುತ್ತಾನೆ. ಜವಾನರು ಅವರ ತಲೆ ಬೋಳಿಸುತ್ತಾರೆ. ಊರಿಗೆ 200 ಚೀಲ ಕವಡೆ ದಂಡ ಬೀಳುತ್ತದೆ. ಜವಾನರು ವಸೂಲಿ ಮಾಡುವುದು 250. ಇಷ್ಟು ಅವಮಾನಕ್ಕೆ ಸಿಟ್ಟು ಬರದವನು ಮನುಷ್ಯನೇ? ಆ ಗಳಿಗೆಯಲ್ಲಿ ನಾನೂ ಒಕೊಂಕ್ವೊನ ಪಕ್ಕದಲ್ಲೇ ನಿಲ್ಲುತ್ತೇನೆ. ಸಭೆ ನಿಲ್ಲಿಸಲು ಬಂದ ಜವಾನನನ್ನು ಅವನು ಕಡಿಯುತ್ತಾನೆ. ಜನ ಉಳಿದ ಜವಾನರನ್ನು ಬಿಟ್ಟುಬಿಡುತ್ತಾರೆ. ಯಾಕೆ ಹೀಗೆ ಮಾಡಿದ ಎಂದು ಯಾರೋ ಕೇಳುತ್ತಾರೆ. ಅವನು ಮಚ್ಚನ್ನು ಮರಳಿನಲ್ಲಿ ಒರೆಸಿ ಹೊರಟುಹೋಗುತ್ತಾನೆ.

ಆಮೇಲೆ ಅವನು ಸಿಗುವುದು ಮನೆಯ ಹಿಂದಿನ ಮರದಲ್ಲಿ, ನೇಣಿನಲ್ಲಿ. ತಾನೇ ಜೀವ ತೆಗೆದುಕೊಳ್ಳುವುದು ಭೂಮಿತಾಯಿಗೆ ಮಾಡುವ ದೊಡ್ಡ ಅಪಚಾರ. ಆ ಹೆಣವನ್ನು ಕುಲದವರು ಮುಟ್ಟುವಂತಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ನಾರಣಪ್ಪನ ಹೆಣ ಯಾರೂ ಮುಟ್ಟದೆ ಕಾಯುತ್ತದಲ್ಲ, ಅದನ್ನು ಓದಿದವರಿಗೆ ಈ ದೃಶ್ಯದ ಭಾರ ಬೇಗ ತಟ್ಟುತ್ತದೆ. ವ್ಯತ್ಯಾಸ ಇಷ್ಟೇ. ನಾರಣಪ್ಪ ಕಟ್ಟಳೆಯನ್ನು ಬೇಕೆಂದೇ ಧಿಕ್ಕರಿಸಿದವನು. ಒಕೊಂಕ್ವೊ ಅದನ್ನು ಕಾಪಾಡುತ್ತಿದ್ದೇನೆ ಎಂದೇ ಬದುಕಿದವನು. ಅವನ ಅಪ್ಪ ಉನೋಕನಿಗೂ ಮಣ್ಣು ಸಿಕ್ಕಿರಲಿಲ್ಲ. ಮೈ ಊದುವ ರೋಗ ಬಂದದ್ದರಿಂದ ಅವನನ್ನು ಕೇಡಿನ ಕಾಡಿನಲ್ಲಿ ಬಿಟ್ಟುಬಂದಿದ್ದರು. ಹೋಗುವಾಗ ಅವನು ಕೊಳಲನ್ನು ಜೊತೆಗೆ ಒಯ್ದಿದ್ದ. ಮಗನ ಕೈಯಲ್ಲಿ ಕೊನೆಗೆ ಏನೂ ಇರಲಿಲ್ಲ.

ನಿಮ್ಮ ಅಳು ತಪ್ಪಲ್ಲ. ಒಬಿಯೆರಿಕನಿಗೂ ಅಲ್ಲಿ ಗಂಟಲು ಕಟ್ಟುತ್ತದೆ. ಗೆಳೆಯನ ತಪ್ಪುಗಳೆಲ್ಲ ಅವನಿಗೆ ನಮಗಿಂತ ಜಾಸ್ತಿ ಗೊತ್ತಿತ್ತು. ಆದರೂ ಕಮಿಷನರನ ಕಡೆ ತಿರುಗಿ, ಇವನು ಉಮುಓಫಿಯದ ದೊಡ್ಡ ಮನುಷ್ಯರಲ್ಲಿ ಒಬ್ಬ, ನೀವು ಇವನನ್ನು ಸಾವಿಗೆ ತಳ್ಳಿದಿರಿ, ಈಗ ಇವನನ್ನು ನಾಯಿಯ ಹಾಗೆ ಹೂಳುತ್ತಾರೆ ಎನ್ನುತ್ತಾನೆ. ಮುಂದೆ ಮಾತು ಹೊರಡುವುದಿಲ್ಲ. ಕಮಿಷನರ್ ಮಾತ್ರ ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೆ ಒಂದು ಪ್ಯಾರಾ ಕೊಡಬಹುದೇನೋ ಎಂದು ಲೆಕ್ಕ ಹಾಕುತ್ತಾ ಹೋಗುತ್ತಾನೆ. ಅಚೆಬೆಯವರ 1960ರ ಕಾದಂಬರಿ ‘ನೋ ಲಾಂಗರ್ ಅಟ್ ಈಸ್’ನಲ್ಲಿ ನ್ವೋಯೆ ಮುದುಕನಾಗಿ ಬರುತ್ತಾನೆ, ಈಗ ಅವನ ಹೆಸರು ಐಸಾಕ್. ಅಪ್ಪ ನೇಣು ಹಾಕಿಕೊಂಡ ಸುದ್ದಿ ತಂದವರಿಗೆ, ಕತ್ತಿಯಿಂದ ಬದುಕಿದವರು ಕತ್ತಿಯಿಂದಲೇ ಸಾಯುತ್ತಾರೆ ಎಂದು ಹೇಳಿ ಕಳಿಸಿದ್ದಾಗಿ ನೆನೆಯುತ್ತಾನೆ. ಮಗನಿಗೆ ಅಳಲು ಆಗಲಿಲ್ಲ. ನಿಮಗೆ ಆಯಿತು.

ಉತ್ತರ ಬರೆಯುವ ಮುಂಚೆ ಮೂರನೇ ಅಧ್ಯಾಯದ ಕೊನೆಯನ್ನು ಇನ್ನೊಂದು ಸಲ ಓದಿ. ಒಕೊಂಕ್ವೊ ಇನ್ನೂ ಹುಡುಗ. ಊರಿನ ಸಿರಿವಂತ ನ್ವಾಕಿಬಿಯೆಯ ಹತ್ತಿರ ಬೆಳೆಯ ಪಾಲಿನ ಲೆಕ್ಕದಲ್ಲಿ 800 ಬಿತ್ತನೆ ಗೆಡ್ಡೆ ತಂದ ವರ್ಷ ಅದು. ಮೊದಲು ಬರ, ಆಮೇಲೆ ನಿಲ್ಲದ ಮಳೆ. ಬೆಳೆ ಎಲ್ಲರದೂ ಹೋಯಿತು. ಕಾಯಿಲೆ ಬಿದ್ದ ಅಪ್ಪ ಮಗನಿಗೆ ಹೇಳುತ್ತಾನೆ: ಎದೆಗುಂದಬೇಡ, ನೀನು ಕುಗ್ಗುವವನಲ್ಲ ಅಂತ ನನಗೆ ಗೊತ್ತು. ಎಲ್ಲರ ಜೊತೆ ಸೋತರೆ ಅಭಿಮಾನಿಗೆ ಅಷ್ಟು ಚುಚ್ಚುವುದಿಲ್ಲ. ಒಬ್ಬನೇ ಸೋಲುವುದು ಅದಕ್ಕಿಂತ ಕಷ್ಟ, ಅದಕ್ಕಿಂತ ಕಹಿ.

ಮುದುಕನ ಈ ಮಾತು ಅವತ್ತು ಮಗನಿಗೆ ತಡೆಯಲಾರದ ಕಿರಿಕಿರಿ ಅನ್ನಿಸಿತ್ತು.